ಕಾಡಿಗೂ ಮಳೆಗೂ ಬಿಸಿಲಿಗೂ ಏನು ನಂಟು?

ನಿಮ್ಮ ಶಾಲೆಯ ಅಂಗಳದಲ್ಲೋ ಊರಾಚೆಯ ರಸ್ತೆಯ ಬದಿಯಲ್ಲೋ ಒಂದು ದೊಡ್ಡ ಮರ ಇದ್ದೇ ಇರುತ್ತದೆ. ಅದು ಹುಣಸೆ, ಮಾವು, ಹಲಸು, ಆಲ, ಹೊಂಗೆ, ಯಾವುದಾದರೂ ಆಗಿರಬಹುದು. ಆ ಮರವನ್ನು ಬುಡದಿಂದ ತುದಿಯವರೆಗೆ ಒಮ್ಮೆ ಚೆನ್ನಾಗಿ ನೋಡಿ. ಕಾಂಡ ಒಬ್ಬರ ತೆಕ್ಕೆಗೆ ಸಿಗದಷ್ಟು ದಪ್ಪ. ಒಂದೊಂದು ಕೊಂಬೆಯೂ ಮನೆಯ ತೊಲೆಯಷ್ಟು ಭಾರ. ಇಡೀ ಮರದ ತೂಕ ಹಲವಾರು ಟನ್ ಇರಬಹುದು. ಆದರೆ ಅದು ಹುಟ್ಟಿದ್ದು ನಿಮ್ಮ ಮುಷ್ಟಿಯೊಳಗೆ ಅಡಗುವ ಒಂದು ಬೀಜದಿಂದ! ಹಾಗಾದರೆ ಇಷ್ಟೊಂದು ತೂಕ ಎಲ್ಲಿಂದ ಬಂತು?

“ಮಣ್ಣಿನಿಂದ” ಎಂದು ಥಟ್ಟನೆ ಹೇಳಿಬಿಟ್ಟಿರಾ? ಸ್ವಲ್ಪ ನಿಲ್ಲಿ. ಮರ ತನ್ನ ತೂಕವನ್ನೆಲ್ಲ ಮಣ್ಣಿನಿಂದ ಪಡೆದಿದ್ದರೆ ಅದರ ಸುತ್ತ ದೊಡ್ಡ ಗುಂಡಿ ಬಿದ್ದಿರಬೇಕಿತ್ತು. ಅಂಥ ಗುಂಡಿಯನ್ನು ನೀವು ಎಲ್ಲಾದರೂ ನೋಡಿದ್ದೀರಾ?

ಇದೇ ಪ್ರಶ್ನೆ ಸುಮಾರು 400 ವರ್ಷಗಳ ಹಿಂದೆ ಯೂರೋಪಿನ ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿಯನ್ನು ಕಾಡಿತು. ಆತ ಒಂದು ದೊಡ್ಡ ಕುಂಡದಲ್ಲಿ ಸುಮಾರು 90 ಕಿಲೋಗ್ರಾಂ ಒಣ ಮಣ್ಣು ತುಂಬಿ, ಅದರಲ್ಲಿ ವಿಲ್ಲೋ ಎಂಬ ಮರದ ಸಸಿಯನ್ನು ನೆಟ್ಟ. ಸಸಿಯ ತೂಕ ಸುಮಾರು ಎರಡೂಕಾಲು ಕಿಲೋಗ್ರಾಂ ಇತ್ತು. ಐದು ವರ್ಷ ಅದಕ್ಕೆ ನೀರನ್ನು ಮಾತ್ರ ಹಾಕಿದ. ಆಮೇಲೆ ಮರವನ್ನು ಕಿತ್ತು ತೂಗಿದರೆ ಸುಮಾರು 76 ಕಿಲೋಗ್ರಾಂ ಇತ್ತು. ಮಣ್ಣನ್ನು ಒಣಗಿಸಿ ತೂಗಿದರೆ ಅದರಲ್ಲಿ ಕಡಿಮೆಯಾಗಿದ್ದು 60 ಗ್ರಾಂನಷ್ಟೂ ಅಲ್ಲ! ಮರ ನೀರಿನಿಂದಲೇ ಬೆಳೆದಿದೆ ಎಂದು ಆತ ತೀರ್ಮಾನಿಸಿದ. ಆ ಪ್ರಯೋಗದ ವಿವರ 1648ರಲ್ಲಿ ಪುಸ್ತಕದಲ್ಲಿ ಅಚ್ಚಾಯಿತು.

ಆತನ ತೀರ್ಮಾನ ಅರ್ಧ ಮಾತ್ರ ಸರಿಯಾಗಿತ್ತು. ಮರದ ತೂಕದಲ್ಲಿ ನೀರಿನ ಪಾಲು ಇದೆ, ನಿಜ. ಉಳಿದದ್ದರಲ್ಲಿ ಬಹುಪಾಲು ಬಂದದ್ದು ಎಲ್ಲಿಂದ ಗೊತ್ತೇ? ಗಾಳಿಯಿಂದ!

ಗಾಳಿಯಿಂದ ಮರ

ಏಳನೆಯ ತರಗತಿಯವರಿಗೆ ದ್ಯುತಿಸಂಶ್ಲೇಷಣೆಯ ಪಾಠ ನೆನಪಿರಬಹುದು. ಎಲೆಗಳಲ್ಲಿ ಬರಿಗಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಿವೆ. ಇವೇ ಪತ್ರರಂಧ್ರಗಳು. ಇವುಗಳ ಮೂಲಕ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಎಲೆಯೊಳಗೆ ಹೋಗುತ್ತದೆ. ಬೇರಿನಿಂದ ನೀರು ಮೇಲೇರಿ ಬರುತ್ತದೆ. ಎಲೆಯ ಹಸಿರು ವಸ್ತುವಾದ ಪತ್ರಹರಿತ್ತು ಸೂರ್ಯನ ಬೆಳಕನ್ನು ಹಿಡಿದು, ಇವೆರಡನ್ನೂ ಸೇರಿಸಿ ಸಕ್ಕರೆಯನ್ನು ತಯಾರಿಸುತ್ತದೆ. ಆಮ್ಲಜನಕ ಹೊರಬರುತ್ತದೆ. ಆ ಸಕ್ಕರೆಯೇ ಮುಂದೆ ಮರದ ನಾರು, ತೊಗಟೆ, ಬೇರು, ಕಾಯಿ, ಹಣ್ಣು ಎಲ್ಲವೂ ಆಗುತ್ತದೆ.

ಹೀಗೆ ಗಾಳಿಯಲ್ಲಿದ್ದ ಇಂಗಾಲ ಮರದಲ್ಲಿ ಸೆರೆಯಾಗುತ್ತದೆ. ಚೆನ್ನಾಗಿ ಒಣಗಿದ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧ ಭಾಗ ಇಂಗಾಲವೇ. ಒಲೆಯಲ್ಲಿ ಕಟ್ಟಿಗೆ ಉರಿದ ಮೇಲೆ ಉಳಿಯುವ ಕಪ್ಪು ಇದ್ದಿಲನ್ನು ನೋಡಿದ್ದೀರಲ್ಲ, ಅದು ಬಹುಪಾಲು ಇಂಗಾಲ.

ಒಂದು ಸಣ್ಣ ಲೆಕ್ಕ ಮಾಡೋಣ. 100 ಕಿಲೋಗ್ರಾಂ ಒಣ ಕಟ್ಟಿಗೆಯಲ್ಲಿ 50 ಕಿಲೋಗ್ರಾಂ ಇಂಗಾಲ ಇದೆ ಎಂದುಕೊಳ್ಳಿ. 44 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿನಲ್ಲಿ ಇರುವ ಇಂಗಾಲ 12 ಕಿಲೋಗ್ರಾಂ ಮಾತ್ರ. ಹಾಗಾದರೆ 50 ಕಿಲೋಗ್ರಾಂ ಇಂಗಾಲವನ್ನು ಕೂಡಿಡಲು ಆ ಮರ ಗಾಳಿಯಿಂದ ಸುಮಾರು 183 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡಿರಬೇಕು. ಕಟ್ಟಿಗೆಯನ್ನು ಸುಟ್ಟರೆ? ಅಷ್ಟೂ ಮರಳಿ ಗಾಳಿಗೆ ಸೇರುತ್ತದೆ. ಕಡಿದು ಬಿಟ್ಟ ಮರ ಕೊಳೆತರೂ ಅಷ್ಟೆ, ನಿಧಾನವಾಗಿ ಮರಳುತ್ತದೆ.

ಈಗ ಒಂದು ಮರದ ಬದಲು ಒಂದು ಕಾಡನ್ನು ಯೋಚಿಸಿ. ಭೂಮಿಯ ನೆಲದಲ್ಲಿ ಸುಮಾರು ಮೂರರಲ್ಲಿ ಒಂದು ಭಾಗ ಕಾಡು ಇದೆ. ಅದರ ಮರಗಳಲ್ಲೂ ಮಣ್ಣಿನಲ್ಲೂ ಎಷ್ಟೊಂದು ಇಂಗಾಲ ಕೂಡಿಟ್ಟಿರಬಹುದು! ಕಾಡು ಎಂದರೆ ಇಂಗಾಲದ ದೊಡ್ಡ ಕಣಜ.

ಭೂಮಿಗೆ ಹೊದಿಸಿದ ಕಂಬಳಿ

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇದ್ದರೆ ತೊಂದರೆ ಏನು? ನಿಜ ಹೇಳಬೇಕೆಂದರೆ, ಅದು ಸ್ವಲ್ಪ ಇರಲೇಬೇಕು. ಬಿಸಿಲು ನೆಲವನ್ನು ಕಾಯಿಸುತ್ತದೆ. ಕಾದ ನೆಲ ಆ ಶಾಖವನ್ನು ಮತ್ತೆ ಆಕಾಶದ ಕಡೆಗೆ ಬಿಡುತ್ತದೆ. ಗಾಳಿಯಲ್ಲಿರುವ ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್ ಮುಂತಾದ ಅನಿಲಗಳು ಆ ಶಾಖದಲ್ಲಿ ಒಂದಷ್ಟನ್ನು ತಡೆದು ಹಿಂದಕ್ಕೆ ಕಳಿಸುತ್ತವೆ. ಚಳಿಗಾಲದ ರಾತ್ರಿ ನೀವು ಹೊದ್ದ ಕಂಬಳಿ ಮೈಯ ಬಿಸಿಯನ್ನು ಹೊರಗೆ ಹೋಗಲು ಬಿಡುವುದಿಲ್ಲವಲ್ಲ, ಫಲ ಹಾಗೆಯೇ. ಇದಕ್ಕೆ ಹಸಿರುಮನೆ ಪರಿಣಾಮ ಎಂದು ಹೆಸರು. ಈ ಕಂಬಳಿ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತಿತ್ತು. ಎಲ್ಲ ನೀರೂ ಮಂಜುಗಡ್ಡೆ!

ತೊಂದರೆ ಇರುವುದು ಕಂಬಳಿ ದಪ್ಪವಾಗುತ್ತಿರುವುದರಲ್ಲಿ. ದೊಡ್ಡ ಕಾರ್ಖಾನೆಗಳ ಕಾಲ ಶುರುವಾಗುವ ಮೊದಲು ಗಾಳಿಯ ಪ್ರತಿ 10 ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಭಾಗ ಇತ್ತು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಇದನ್ನು ಅಳೆಯಲು ಆರಂಭಿಸಿದಾಗ 315 ಭಾಗದಷ್ಟಿತ್ತು. 2024ರಲ್ಲಿ ಅದು 420ನ್ನು ದಾಟಿತ್ತು. ಅಳತೆಯ ದಾಖಲೆ ಸಿಗುವ ವರ್ಷಗಳಲ್ಲೆಲ್ಲ ಅತಿ ಬಿಸಿಯಾದ ವರ್ಷ 2024 ಎಂದು ವಿಶ್ವ ಹವಾಮಾನ ಸಂಸ್ಥೆ ಹೇಳಿದೆ.

ಈ ಹೆಚ್ಚುವರಿ ಅನಿಲ ಬಂದದ್ದು ಮುಖ್ಯವಾಗಿ ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್, ನೈಸರ್ಗಿಕ ಅನಿಲಗಳನ್ನು ಸುಡುವುದರಿಂದ. ರಾಯಚೂರಿನ ಶಕ್ತಿನಗರದಲ್ಲಿ ವಿದ್ಯುತ್ತಿಗಾಗಿ ಸುಡುವ ಕಲ್ಲಿದ್ದಲು ಏನು ಗೊತ್ತೇ? ಅದೂ ಒಂದು ಕಾಲದ ಕಾಡೇ! ಕೋಟ್ಯಂತರ ವರ್ಷಗಳ ಹಿಂದೆ ಜೌಗು ನೆಲದಲ್ಲಿ ಹೂತುಹೋದ ಗಿಡಮರಗಳು ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ಕಲ್ಲಿದ್ದಲಾದವು. ಆ ಹಳೆಯ ಕಾಡುಗಳು ಲಕ್ಷಾಂತರ ವರ್ಷ ಕೂಡಿಟ್ಟ ಇಂಗಾಲವನ್ನು ನಾವು ಎರಡು ಮೂರು ಶತಮಾನಗಳಲ್ಲಿ ಗಾಳಿಗೆ ಬಿಡುತ್ತಿದ್ದೇವೆ. ಜೊತೆಗೆ ಇಂದಿನ ಕಾಡನ್ನೂ ಕಡಿಯುತ್ತಿದ್ದೇವೆ. ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಕಾಡು ಕಡಿಯುವುದರಿಂದ ಬರುತ್ತದೆ.

ಅದೃಷ್ಟಕ್ಕೆ, ಹೊರಬಿಟ್ಟದ್ದೆಲ್ಲ ಗಾಳಿಯಲ್ಲಿ ಉಳಿಯುವುದಿಲ್ಲ. ಸುಮಾರು ಕಾಲು ಭಾಗವನ್ನು ಸಾಗರಗಳು ಹೀರಿಕೊಳ್ಳುತ್ತವೆ. ಇನ್ನೂ ಸುಮಾರು ಕಾಲು ಭಾಗ, ಕೆಲವು ವರ್ಷ ಅದಕ್ಕಿಂತ ತುಸು ಹೆಚ್ಚು, ನೆಲದ ಗಿಡಮರಗಳಿಗೂ ಮಣ್ಣಿಗೂ ಹೋಗುತ್ತದೆ. ಉಳಿದ ಅರ್ಧದಷ್ಟು ಗಾಳಿಯಲ್ಲೇ ನಿಂತು ಕಂಬಳಿಯನ್ನು ದಪ್ಪ ಮಾಡುತ್ತದೆ. ಕಾಡು ಇಲ್ಲದಿದ್ದರೆ ಕಂಬಳಿ ಇನ್ನೆಷ್ಟು ದಪ್ಪವಾಗುತ್ತಿತ್ತು, ನೀವೇ ಯೋಚಿಸಿ.

ನಿಮಗಿದು ಗೊತ್ತೇ?

ಹವಾಮಾನ ಬೇರೆ, ವಾಯುಗುಣ ಬೇರೆ. “ಇವತ್ತು ಮಧ್ಯಾಹ್ನ ಜೋರು ಮಳೆ ಬಂತು” ಎಂದರೆ ಅದು ಹವಾಮಾನ. “ಆಗುಂಬೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರಿ ಮಳೆಯಾಗುತ್ತದೆ” ಎಂದರೆ ಅದು ವಾಯುಗುಣ. ಸಾಮಾನ್ಯವಾಗಿ 30 ವರ್ಷಗಳ ಸರಾಸರಿಯನ್ನು ನೋಡಿ ವಾಯುಗುಣವನ್ನು ಹೇಳುತ್ತಾರೆ. ಒಂದು ದಿನ ಸೆಕೆ ಆಯಿತೆಂದು ವಾಯುಗುಣ ಬದಲಾಯಿತು ಎನ್ನುವಂತಿಲ್ಲ. ಒಂದು ದಿನ ಚಳಿಯಾಯಿತೆಂದು ಬದಲಾಗಿಲ್ಲ ಎನ್ನುವಂತೆಯೂ ಇಲ್ಲ. ಪತ್ರಿಕೆಗಳಲ್ಲಿ “ಹವಾಮಾನ ಬದಲಾವಣೆ” ಎಂದು ಬರೆಯುವುದು ಈ ವಾಯುಗುಣದ ಬದಲಾವಣೆಯನ್ನೇ.

ಸಹ್ಯಾದ್ರಿಯ ಕಾಡು ಮಾಡುವ ಕೆಲಸ

ಕಾಡು ಇಂಗಾಲವನ್ನು ಕೂಡಿಡುವುದು ಮಾತ್ರವಲ್ಲ, ನೀರನ್ನೂ ನೋಡಿಕೊಳ್ಳುತ್ತದೆ. ಇದನ್ನು ತಿಳಿಯಲು ನಮ್ಮ ಪಶ್ಚಿಮ ಘಟ್ಟಗಳಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಗುಜರಾತಿನ ಗಡಿಯಿಂದ ಕನ್ಯಾಕುಮಾರಿಯ ಹತ್ತಿರದವರೆಗೆ ಸುಮಾರು 1,600 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಬೆಟ್ಟಸಾಲು ಇದು. 2012ರಲ್ಲಿ ಯುನೆಸ್ಕೊ ಇದರ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾವೇರಿ, ತುಂಗಾ, ಭದ್ರಾ, ಶರಾವತಿ, ಕಾಳಿ, ನೇತ್ರಾವತಿ, ಹೇಮಾವತಿ ಎಲ್ಲವೂ ಇಲ್ಲಿಯೇ ಹುಟ್ಟುತ್ತವೆ.

ಮುಂಗಾರಿನ ಮೋಡಗಳು ಅರಬ್ಬೀ ಸಮುದ್ರದಿಂದ ಬಂದು ಈ ಬೆಟ್ಟಗಳಿಗೆ ತಾಗಿ ಮೇಲೇರುತ್ತವೆ, ತಣ್ಣಗಾಗಿ ಮಳೆ ಸುರಿಸುತ್ತವೆ. ಅದಕ್ಕೇ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಬೆಟ್ಟ ದಾಟಿ ಪೂರ್ವಕ್ಕೆ ಹೋದರೆ, ಚಳ್ಳಕೆರೆಯಲ್ಲಿ ಅದರ ಹತ್ತರಲ್ಲಿ ಒಂದು ಪಾಲೂ ಇಲ್ಲ! ಹಾಗಾದರೆ ಮಳೆ ತರುವುದು ಸಮುದ್ರ ಮತ್ತು ಬೆಟ್ಟ. ಕಾಡಿನ ಪಾತ್ರ ಏನು?

ಮೊದಲನೆಯದು, ಬಂದ ಮಳೆಯನ್ನು ಹಿಡಿದಿಡುವುದು. ಬೋಳು ನೆಲಕ್ಕೆ ಮಳೆಹನಿ ಬಿದ್ದರೆ ಮಣ್ಣನ್ನು ಚದುರಿಸಿ, ಕೆಂಪು ನೀರಾಗಿ ಹರಿದುಹೋಗುತ್ತದೆ. ಕಾಡಿನಲ್ಲಿ ಹನಿ ಮೊದಲು ಎಲೆಯ ಮೇಲೆ ಬೀಳುತ್ತದೆ, ಕೊಂಬೆಗೆ ಜಾರುತ್ತದೆ, ಕಾಂಡದ ಮೇಲೆ ಇಳಿಯುತ್ತದೆ, ಕೊನೆಗೆ ತರಗೆಲೆಯ ಹಾಸಿಗೆಯನ್ನು ಸೇರುತ್ತದೆ. ಅದರ ಅಡಿಯ ಮಣ್ಣು ಎರೆಹುಳು, ಗೆದ್ದಲು, ಬೇರುಗಳು ಮಾಡಿದ ಸಂದುಗಳಿಂದ ಸಡಿಲವಾಗಿರುತ್ತದೆ. ನೀರು ಅಲ್ಲಿ ಇಂಗಿ, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಹಳ್ಳಕ್ಕೆ ಒಸರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಉತ್ತರ ಕನ್ನಡ ಜಿಲ್ಲೆಯ ಹಳ್ಳಗಳನ್ನು ಅಧ್ಯಯನ ಮಾಡಿದ್ದಾರೆ. ಸುತ್ತ ಒಳ್ಳೆಯ ಸಹಜ ಕಾಡಿದ್ದ ಹಳ್ಳಗಳು ವರ್ಷವಿಡೀ ಹರಿಯುತ್ತಿದ್ದವು. ಒಂದೇ ಜಾತಿಯ ಮರ ನೆಟ್ಟ ನೆಡುತೋಪಿನ ನಡುವೆ ಇದ್ದವು ಆರೆಂಟು ತಿಂಗಳು ಮಾತ್ರ. ಕಾಡು ಹಾಳಾದ ಕಡೆ ಮಳೆಗಾಲ ಮುಗಿಯುತ್ತಿದ್ದಂತೆ ಹಳ್ಳವೂ ಮುಗಿಯಿತು!

ಎರಡನೆಯದು, ನೀರನ್ನು ಮತ್ತೆ ಗಾಳಿಗೆ ಕೊಡುವುದು. ಬೇರು ಹೀರಿದ ನೀರಿನಲ್ಲಿ ಹೆಚ್ಚಿನದು ಎಲೆಗಳಿಂದ ಆವಿಯಾಗಿ ಹೊರಹೋಗುತ್ತದೆ. ಇದೇ ಬಾಷ್ಪವಿಸರ್ಜನೆ. ಒಂದು ದೊಡ್ಡ ಮರ ದಿನಕ್ಕೆ ನೂರಾರು ಲೀಟರ್ ನೀರನ್ನು ಹೀಗೆ ಬಿಡಬಲ್ಲದು. ಆ ಆವಿ ಮತ್ತೆ ಮೋಡವಾಗಿ ಮುಂದೆ ಎಲ್ಲೋ ಮಳೆಯಾಗುತ್ತದೆ. ಐಐಟಿ ಮುಂಬಯಿಯ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ತಮಿಳುನಾಡಿನಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಬೀಳುವ ಮಳೆಯ ತೇವಾಂಶದಲ್ಲಿ ಒಂದು ದೊಡ್ಡ ಪಾಲು ಪಶ್ಚಿಮ ಘಟ್ಟದ ಕಾಡುಗಳಿಂದ ಹೋದದ್ದು. ಮಳೆ ಕೊರತೆಯ ವರ್ಷಗಳಲ್ಲಿ ಈ ಪಾಲು ಇನ್ನೂ ಹೆಚ್ಚು. ನಮ್ಮ ಮಲೆನಾಡಿನ ಮರ ನೆರೆರಾಜ್ಯದ ಗದ್ದೆಗೂ ನೀರು ಕೊಡುತ್ತದೆ ಎಂದಾಯಿತು!

ಮೂರನೆಯದು, ತಂಪು. ಮಣ್ಣಿನ ಮಡಕೆಯಲ್ಲಿ ನೀರು ಏಕೆ ತಣ್ಣಗಿರುತ್ತದೆ? ಮಡಕೆಯ ಮೈಯಿಂದ ನೀರು ಆವಿಯಾಗುವಾಗ ಶಾಖವನ್ನು ಒಯ್ಯುತ್ತದೆ. ಎಲೆಗಳಿಂದ ನೀರು ಆವಿಯಾಗುವಾಗ ಆಗುವುದೂ ಇದೇ. ಬೇಸಿಗೆಯಲ್ಲಿ ಹೊಂಗೆಯ ನೆರಳು ತಗಡಿನ ಮಾಡಿನ ನೆರಳಿಗಿಂತ ಹಿತ ಅನಿಸುವುದು ಸುಮ್ಮನೆ ಅಲ್ಲ.

ಬಿಸಿಯಾದ ಭೂಮಿ ಕಾಡಿಗೆ ಏನು ಮಾಡುತ್ತದೆ?

ಇಲ್ಲಿಯವರೆಗೆ ಕಾಡು ವಾಯುಗುಣಕ್ಕೆ ಏನು ಮಾಡುತ್ತದೆ ಎಂದು ನೋಡಿದೆವು. ಈಗ ನಾಣ್ಯದ ಇನ್ನೊಂದು ಮುಖ ನೋಡೋಣ.

“ಇಂಗಾಲದ ಡೈಆಕ್ಸೈಡ್ ಗಿಡದ ಆಹಾರ ತಾನೆ? ಅದು ಹೆಚ್ಚಾದರೆ ಕಾಡು ಇನ್ನೂ ಚೆನ್ನಾಗಿ ಬೆಳೆಯಬೇಕಲ್ಲ?” ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ಒಂದು ಮಟ್ಟದವರೆಗೆ ಅದು ನಿಜವೂ ಹೌದು. ಆದರೆ ಅನ್ನ ಬಡಿಸಿದರೆ ಸಾಲದು, ನೀರೂ ಬೇಕು. ಸೆಕೆ ಏರಿ ಮಣ್ಣು ಒಣಗಿದಾಗ ಗಿಡ ನೀರನ್ನು ಉಳಿಸಿಕೊಳ್ಳಲು ಪತ್ರರಂಧ್ರಗಳನ್ನು ಮುಚ್ಚುತ್ತದೆ. ರಂಧ್ರ ಮುಚ್ಚಿದರೆ ಇಂಗಾಲದ ಡೈಆಕ್ಸೈಡ್ ಕೂಡ ಒಳಗೆ ಹೋಗದು. ಎದುರಿಗೆ ಊಟ ಇದ್ದೂ ಬಾಯಿ ಕಟ್ಟಿದಂತೆ!

ಒಣಗಿದ ಕಾಡಿಗೆ ದೊಡ್ಡ ಶತ್ರು ಬೆಂಕಿ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹತ್ತಿದ ಬೆಂಕಿ ಸಾವಿರಾರು ಎಕರೆ ಕಾಡನ್ನು ಸುಟ್ಟಿತು. ಅರಣ್ಯ ಸಿಬ್ಬಂದಿ ಮತ್ತು ಊರವರು ಹಸಿ ಸೊಪ್ಪಿನಿಂದ ಬಡಿದು ಬಡಿದು ಆರಿಸಿದರು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿಯಬೇಕಾಯಿತು. ನಮ್ಮ ಕಾಡುಗಳಲ್ಲಿ ಬೆಂಕಿ ತಾನಾಗಿ ಹತ್ತುವುದು ತೀರಾ ಅಪರೂಪ, ಹೆಚ್ಚಾಗಿ ಅದನ್ನು ಹಚ್ಚುವವರು ಮನುಷ್ಯರೇ. ಆದರೆ ಸೆಕೆ ಹೆಚ್ಚಾದಷ್ಟೂ, ನೆಲ ಒಣಗಿದಷ್ಟೂ ಒಂದು ಸಣ್ಣ ಕಿಡಿ ದೊಡ್ಡ ಕಿಚ್ಚಾಗುತ್ತದೆ. ಅದಕ್ಕೆ ಇನ್ನೊಂದು ಸಹಾಯವೂ ಸಿಕ್ಕಿದೆ. ಎರಡು ಶತಮಾನಗಳ ಹಿಂದೆ ಹೊರದೇಶದಿಂದ ಅಲಂಕಾರದ ಗಿಡವಾಗಿ ಭಾರತಕ್ಕೆ ಬಂದ ಲಂಟಾನ ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ಪೊದೆ ಪೊದೆಯಾಗಿ ಹಬ್ಬಿದೆ. ಅದು ಒಣಗಿದಾಗ ಧಗಧಗ ಉರಿದು, ನೆಲದ ಬೆಂಕಿಯನ್ನು ಮರದ ಕೊಂಬೆಯವರೆಗೆ ಏರಿಸುತ್ತದೆ.

ಇನ್ನು ಮಳೆಯ ಕಡೆ ನೋಡಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. ಹಿಡಿದದ್ದನ್ನು ಒಮ್ಮೆಲೇ ಸುರಿಸಿದರೆ? ಹದವಾಗಿ ವಾರಗಟ್ಟಲೆ ಬರಬೇಕಾದ ಮಳೆ ಒಂದೆರಡು ದಿನಗಳಲ್ಲಿ ಕವುಚಿ ಬೀಳುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಬೆಟ್ಟಗಳೇ ಜಾರಿ ಮನೆ, ತೋಟಗಳು ಮಣ್ಣುಪಾಲಾದವು. 2024ರ ಜುಲೈ 30ರಂದು ನೆರೆಯ ಕೇರಳದ ವಯನಾಡಿನಲ್ಲಿ ಭೂಕುಸಿತಕ್ಕೆ ಸಿಕ್ಕಿ 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅಂದಿನ ಮಳೆ ವಾಯುಗುಣ ಬದಲಾವಣೆಯಿಂದಾಗಿ ಸುಮಾರು ಶೇಕಡಾ 10ರಷ್ಟು ಹೆಚ್ಚು ಬಿರುಸಾಗಿತ್ತು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಮರದ ಬೇರು ಮಣ್ಣನ್ನು ಹೊಲಿಗೆಯಂತೆ ಹಿಡಿದಿರುತ್ತದೆ. ಇಳಿಜಾರನ್ನು ಕಡಿದು ರಸ್ತೆ, ಕಟ್ಟಡ ಮಾಡಿದ ಕಡೆ ಆ ಹೊಲಿಗೆ ಬಿಚ್ಚಿರುತ್ತದೆ. ಅತಿ ಬಿರುಸಿನ ಮಳೆಗೆ ಕೆಲವೊಮ್ಮೆ ಕಾಡಿರುವ ಇಳಿಜಾರೂ ಜಾರುವುದುಂಟು. ಬಿಚ್ಚಿದ ಇಳಿಜಾರು ಬೇಗ ಜಾರುತ್ತದೆ.

ಕಾಡಿನ ಜೀವಿಗಳ ಪಾಡೂ ಹೀಗೆಯೇ. ಸಿದ್ಧಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ಕಡೆಗಳಲ್ಲಿ ರಾಮಪತ್ರೆ ಜಡ್ಡಿಗಳಿವೆ. ಇವು ಸದಾ ನೀರು ನಿಲ್ಲುವ ಬಹಳ ಪುರಾತನವಾದ ಜೌಗು ಕಾಡುಗಳು. ಇಲ್ಲಿನ ಮರಗಳ ಬೇರುಗಳು ಉಸಿರಾಡಲು ಮೊಣಕಾಲಿನಂತೆ ಬಾಗಿ ನೀರಿನಿಂದ ಹೊರಗೆ ಬರುತ್ತವೆ. ಹಳ್ಳ ಬತ್ತಿದರೆ ಈ ಮರಗಳು ಬೇರೆಡೆಗೆ ನಡೆದು ಹೋಗಲಾರವು.

ಬೆಟ್ಟದ ಮೇಲಿನ ಜೀವಿಗಳದು ಇನ್ನೊಂದು ಕಷ್ಟ. 1,000 ಮೀಟರ್ ಎತ್ತರಕ್ಕೆ ಹೋದಂತೆ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಹಾಗಾದರೆ ಭೂಮಿ 1 ಡಿಗ್ರಿ ಬಿಸಿಯಾದರೆ, ಅದೇ ತಂಪಿಗಾಗಿ ಒಂದು ಕಪ್ಪೆ ಸುಮಾರು 160 ಮೀಟರ್ ಮೇಲೆ ಹೋಗಬೇಕು. ಮತ್ತೆ 1 ಡಿಗ್ರಿ ಏರಿದರೆ ಇನ್ನೂ 160 ಮೀಟರ್. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ತುದಿ ಮುಟ್ಟಿದ ಮೇಲೆ ಆ ಕಪ್ಪೆ ಎಲ್ಲಿಗೆ ಹೋಗಬೇಕು?

ಸುತ್ತು ಬಿಡಿಸುವುದು ಹೇಗೆ?

ಈಗ ಎರಡನ್ನೂ ಜೋಡಿಸಿ ನೋಡಿ. ಕಾಡು ಕಡಿಮೆಯಾದರೆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಅದು ಹೆಚ್ಚಿದರೆ ಭೂಮಿ ಬಿಸಿಯಾಗುತ್ತದೆ. ಬಿಸಿಯಾದರೆ ಬರ, ಬೆಂಕಿ, ಬಿರುಮಳೆಗಳಿಂದ ಕಾಡು ಇನ್ನೂ ಹಾಳಾಗುತ್ತದೆ. ಸುಟ್ಟ ಕಾಡಿನಿಂದ ಇಂಗಾಲದ ಡೈಆಕ್ಸೈಡ್ ಮತ್ತೆ ಗಾಳಿಗೆ. ಗಾಣದ ಎತ್ತಿನಂತೆ ಸುತ್ತು ಸುತ್ತು! ಆದರೆ ಗಾಣವನ್ನು ಹಿಂದಕ್ಕೂ ತಿರುಗಿಸಬಹುದು. ಕಾಡು ಉಳಿದರೆ ಬಿಸಿ ಏರುವುದು ನಿಧಾನವಾಗುತ್ತದೆ, ಬಿಸಿ ಏರುವುದು ನಿಂತರೆ ಕಾಡು ಉಳಿಯುತ್ತದೆ.

ಇದಕ್ಕೆ ಮೊದಲ ಹೆಜ್ಜೆ, ಇರುವ ಕಾಡನ್ನು ಉಳಿಸುವುದು. ಒಂದು ಹಳೆಯ ಮರ ನೂರು ವರ್ಷ ಕೂಡಿಟ್ಟದ್ದನ್ನು ಇಂದು ನೆಟ್ಟ ಸಸಿ ನಾಳೆಗೆ ಕೂಡಿಡಲಾರದು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಹೆಂಗಸರೂ ಗಂಡಸರೂ ಯುವಕರೂ ಕಾಡಿಗೆ ಹೋಗಿ, ಕಡಿಯಲಿದ್ದ ಮರಗಳನ್ನು ಅಪ್ಪಿ ನಿಂತರು. ಹಿಮಾಲಯದ ಚಿಪ್ಕೊ ಚಳವಳಿಯಿಂದ ಸ್ಫೂರ್ತಿ ಪಡೆದ ಇದು “ಅಪ್ಪಿಕೊ” ಎಂದು ಹೆಸರಾಯಿತು. ಅವರು ಹೋರಾಡಿದ್ದು ಮುಖ್ಯವಾಗಿ ತಮ್ಮ ಹಳ್ಳದ ನೀರಿಗಾಗಿ, ತೋಟದ ಸೊಪ್ಪಿಗಾಗಿ. ಆದರೆ ಅವರು ಉಳಿಸಿದ ಮರಗಳಲ್ಲಿ ಇಂಗಾಲವೂ ಉಳಿಯಿತು.

ಎರಡನೆಯದು, ಕಾಡನ್ನು ಬಲ್ಲವರ ಮಾತು ಕೇಳುವುದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆ ಬಲಿಯುವ ಮೊದಲೇ, ಇಬ್ಬನಿಯ ತೇವ ಇನ್ನೂ ಇರುವಾಗ, ನೆಲದ ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಇದಕ್ಕೆ “ತರಗು ಬೆಂಕಿ” ಎನ್ನುತ್ತಾರೆ. ಅದು ಬೇಗ ಆರುತ್ತಿತ್ತು, ದೊಡ್ಡ ಮರಗಳಿಗೆ ಹಾನಿ ಮಾಡುತ್ತಿರಲಿಲ್ಲ. ಈ ರೂಢಿ ನಿಂತ ಮೇಲೆ ಲಂಟಾನ ಹೆಚ್ಚಿತು ಎಂದು ಸೋಲಿಗರು ಹೇಳುತ್ತಾರೆ. ವಿಜ್ಞಾನಿಗಳು ಈಗ ಅವರ ಜೊತೆ ಕೂತು ಇದನ್ನು ಅಧ್ಯಯನ ಮಾಡಿದ್ದಾರೆ. ನೆನಪಿಡಿ: ಇದು ಕಾಡಿನಲ್ಲೇ ಹುಟ್ಟಿ ಬೆಳೆದವರ ಅನುಭವ. ನೀವಾಗಿ ಎಂದೂ ಕಾಡಿನಲ್ಲಿ ಬೆಂಕಿ ಹಚ್ಚಬಾರದು!

ಮೂರನೆಯದು, ಸರಿಯಾದ ಜಾಗದಲ್ಲಿ ಸರಿಯಾದ ಮರ ನೆಡುವುದು. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದುಡಿಯುತ್ತ, ಯಾವ ಜಾತಿಯ ಬೀಜವನ್ನು ಯಾವ ತಾಯಿಮರದಿಂದ ಯಾವಾಗ ಆರಿಸಬೇಕು ಎಂಬುದನ್ನು ಕರಗತ ಮಾಡಿಕೊಂಡಿದ್ದರು. ಸಾವಿರಾರು ಗಿಡ ಬೆಳೆಸಿದ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಅವರು ಬೆಳೆಸಿದ ಗಿಡಗಳು ಇಂದು ನೆರಳು ಕೊಡುತ್ತಿವೆ.

“ಹಾಗಾದರೆ ಖಾಲಿ ಜಾಗ ಕಂಡಲ್ಲೆಲ್ಲ ಗಿಡ ನೆಟ್ಟರಾಯಿತು” ಎನ್ನುತ್ತೀರಾ? ಅಲ್ಲೂ ಎಚ್ಚರ ಬೇಕು. ಕುದುರೆಮುಖ, ಬಾಬಾಬುಡನ್ ಗಿರಿಗಳ ಮೇಲೆ ವಿಶಾಲವಾದ ಹುಲ್ಲುಗಾವಲುಗಳಿವೆ. ಕಣಿವೆಗಳಲ್ಲಿ ಮಾತ್ರ ಶೋಲಾ ಕಾಡು. ಆ ಹುಲ್ಲುಗಾವಲು ಬೋಳು ಜಾಗವಲ್ಲ. ಅದೂ ಮಳೆನೀರನ್ನು ಇಂಗಿಸುತ್ತದೆ, ಮಣ್ಣಿನಲ್ಲಿ ಇಂಗಾಲವನ್ನು ಕೂಡಿಡುತ್ತದೆ, ಕಾಟಿ ಕಡವೆಗಳಿಗೆ ಮೇವು ಕೊಡುತ್ತದೆ. ಅಲ್ಲಿ ಅಕೇಶಿಯಾವನ್ನೋ ನೀಲಗಿರಿಯನ್ನೋ ನೆಟ್ಟರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ಎಷ್ಟೇ ಗಿಡ ನೆಟ್ಟರೂ, ಕಲ್ಲಿದ್ದಲು ಮತ್ತು ಎಣ್ಣೆ ಸುಡುವುದನ್ನು ಕಡಿಮೆ ಮಾಡದಿದ್ದರೆ ಕಾಡೊಂದೇ ಈ ಭಾರ ಹೊರಲಾರದು. ಪಾವಗಡದಲ್ಲಿ ಬಿಸಿಲಿನಿಂದಲೂ ಚಿತ್ರದುರ್ಗದ ಬೆಟ್ಟಗಳಲ್ಲಿ ಗಾಳಿಯಿಂದಲೂ ವಿದ್ಯುತ್ ತಯಾರಾಗುತ್ತಿರುವುದು ಇದಕ್ಕೇ ಮುಖ್ಯ. ನಿಮ್ಮ ಮನೆಯಲ್ಲಿ ಅಮ್ಮ ಒಲೆಗೆ ಉದುರಿದ ಪುಳ್ಳೆ ಆರಿಸಿ ತರುವುದರಿಂದ ಭೂಮಿ ಬಿಸಿಯಾಯಿತು ಎಂದು ಹೆದರಬೇಡಿ. ಹೆಚ್ಚಿನ ಹೊಗೆ ಬಂದದ್ದು ದೊಡ್ಡ ಕಾರ್ಖಾನೆ, ವಿದ್ಯುತ್ ಸ್ಥಾವರ, ವಾಹನಗಳಿಂದ. ಅದರಲ್ಲೂ ಶ್ರೀಮಂತ ದೇಶಗಳ ಪಾಲು ದೊಡ್ಡದು.

ಮಾಡಿ ನೋಡಿ

1. ಬಿಸಿಲಿನಲ್ಲಿರುವ ಒಂದು ಗಿಡದ ಎಲೆಗಳಿರುವ ಕೊಂಬೆಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ತೊಡಿಸಿ, ಬಾಯಿಯನ್ನು ದಾರದಿಂದ ಕಟ್ಟಿ. ಎರಡು ಮೂರು ಗಂಟೆ ಬಿಟ್ಟು ನೋಡಿ. ಚೀಲದೊಳಗೆ ಏನು ಕಾಣುತ್ತದೆ? ಅದು ಎಲ್ಲಿಂದ ಬಂತು? ನೋಡಿದ ಮೇಲೆ ಚೀಲವನ್ನು ತೆಗೆಯಲು ಮರೆಯಬೇಡಿ.

2. ಎರಡು ಹಳೆಯ ನೀರಿನ ಬಾಟಲಿಗಳನ್ನು ಉದ್ದಕ್ಕೆ ಕತ್ತರಿಸಿ (ದೊಡ್ಡವರ ಸಹಾಯ ಪಡೆಯಿರಿ). ಎರಡರಲ್ಲೂ ಮಣ್ಣು ತುಂಬಿ. ಒಂದರ ಮೇಲೆ ಮಾತ್ರ ತರಗೆಲೆ ಹಾಸಿ. ಎರಡನ್ನೂ ಬಾಯಿಯ ಕಡೆ ತುಸು ಓರೆಯಾಗಿಟ್ಟು, ಬಾಯಿಯ ಕೆಳಗೆ ಒಂದೊಂದು ಲೋಟ ಇಡಿ. ಒಂದೇ ಅಳತೆಯ ನೀರನ್ನು ಕೈಯಿಂದ ಚಿಮುಕಿಸಿ. ಯಾವ ಲೋಟಕ್ಕೆ ನೀರು ಬೇಗ ಬಂತು? ಯಾವುದರಲ್ಲಿ ಮಣ್ಣು ಹೆಚ್ಚಿದೆ?

3. ಶಾಲೆಯ ಒಂದು ಮರವನ್ನು ನಿಮ್ಮ ತರಗತಿಯ ಮರ ಎಂದು ಆರಿಸಿಕೊಳ್ಳಿ. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆಯನ್ನು ಟೇಪಿನಿಂದ ಅಳೆದು, ದಿನಾಂಕದೊಂದಿಗೆ ಬರೆದಿಡಿ. ಎಲೆ ಉದುರಿದ, ಚಿಗುರಿದ, ಹೂ ಬಿಟ್ಟ ದಿನಗಳನ್ನೂ ಬರೆಯಿರಿ. ಈ ಪುಸ್ತಕವನ್ನು ಮುಂದಿನ ವರ್ಷ ಕೆಳಗಿನ ತರಗತಿಯವರಿಗೆ ಕೊಡಿ. ಹತ್ತು ವರ್ಷ ಹೀಗೆ ನಡೆದರೆ ನಿಮ್ಮ ಶಾಲೆಯಲ್ಲಿ ಒಂದು ಅಮೂಲ್ಯ ದಾಖಲೆ ಇರುತ್ತದೆ.

4. ಮನೆಯ ಅಜ್ಜ ಅಜ್ಜಿಯರನ್ನು ಕೇಳಿ: ಅವರು ಚಿಕ್ಕವರಿದ್ದಾಗ ಮೃಗಶಿರ, ಆರಿದ್ರ ಮಳೆಗಳು ಹೇಗೆ ಬರುತ್ತಿದ್ದವು? ಊರ ಹಳ್ಳ ಯಾವ ತಿಂಗಳವರೆಗೆ ಹರಿಯುತ್ತಿತ್ತು? ಅವರ ಉತ್ತರಗಳನ್ನು ಈಗಿನ ಸ್ಥಿತಿಯೊಂದಿಗೆ ಹೋಲಿಸಿ, ತರಗತಿಯಲ್ಲಿ ಓದಿ.

ಯೋಚಿಸಿ ಉತ್ತರಿಸಿ

• ಮರವನ್ನು ಕಡಿದು ಬಾಗಿಲು ಮಾಡಿದರೆ ಅದರ ಇಂಗಾಲ ಎಲ್ಲಿ ಇರುತ್ತದೆ? ಸೌದೆ ಮಾಡಿದರೆ?

• ನಿಮ್ಮ ಊರಿನಲ್ಲಿ ಕಾಡಿಲ್ಲದಿದ್ದರೂ ಸಹ್ಯಾದ್ರಿಯ ಕಾಡು ನಿಮಗೆ ಹೇಗೆ ಉಪಯೋಗ? (ಸುಳಿವು: ನಿಮ್ಮ ಊರಿನ ಕುಡಿಯುವ ನೀರು ಯಾವ ನದಿಯದು?)

• ಹತ್ತು ಸಾವಿರ ಸಸಿ ನೆಡುವುದು, ಹತ್ತು ಎಕರೆ ಹಳೆಯ ಕಾಡು ಉಳಿಸುವುದು, ಇವೆರಡರಲ್ಲಿ ಒಂದನ್ನು ಮಾತ್ರ ಮಾಡಲು ಸಾಧ್ಯವಿದ್ದರೆ ನೀವು ಯಾವುದನ್ನು ಆರಿಸುತ್ತೀರಿ? ಏಕೆ? ತರಗತಿಯಲ್ಲಿ ಎರಡು ಗುಂಪು ಮಾಡಿಕೊಂಡು ಚರ್ಚಿಸಿ.